ಮದುವೆ ಇಲ್ಲದ ದಿನದ ಆಟ

ಸೇಡಂನ ಗುರುಗಳಿಗೆ ಶರಣು.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಹತ್ತು ದಿನವಾಯಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟು ಹೇಳಿ ಉತ್ತರಕ್ಕೆ ಬರುತ್ತೇನೆ.

ಕಳೆದ ಸಂಚಿಕೆಯಲ್ಲಿ ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರ ಕುರಿತು ಒಂದು ಪುಟದ ಲೇಖನ ಹಾಕಿದ್ದೆವು. ಅದರಲ್ಲಿ ಅವರನ್ನು ‘ವಿಶ್ವ ಚಾಂಪಿಯನ್’ ಎಂದು ಕರೆದದ್ದು ನಿಮಗೆ ಸಿಟ್ಟು ತರಿಸಿದೆ. ‘ಯಾವ ಇಸವಿಯಲ್ಲಿ ಗೆದ್ದರು, ಹೇಳಿ ನೋಡೋಣ’ ಎಂದು ಮಾಸ್ತರರ ಧಾಟಿಯಲ್ಲೇ ಕೇಳಿದ್ದೀರಿ. ಅವರು ಆಲ್ ಇಂಗ್ಲೆಂಡ್ ಪಂದ್ಯಾವಳಿ ಗೆದ್ದ ವರ್ಷ ಚೀನಾದವರೇ ಕಣದಲ್ಲಿ ಇರಲಿಲ್ಲ, ಮರುವರ್ಷ ಅದೇ ಎದುರಾಳಿಗೆ ಸೋತರು, ಹೀಗಿರುವಾಗ ನಲವತ್ತು ವರ್ಷದಿಂದ ಅದೇ ಡೊಳ್ಳು ಬಾರಿಸುವುದೇಕೆ ಎನ್ನುವುದು ಎರಡನೆಯ ಮಾತು. ಮೂರನೆಯದು ಮನೆಯ ಮಾತು. ಹನ್ನೆರಡು ವರ್ಷದ ಮೊಮ್ಮಗಳು ಕಲಬುರಗಿಯಲ್ಲಿ ತಂದೆ ತಾಯಿಯ ಜೊತೆ ಇದ್ದು ಬ್ಯಾಡ್ಮಿಂಟನ್ ಆಡುತ್ತಾಳೆ. ಜಿಲ್ಲೆಯಲ್ಲಿ ಗೆಲ್ಲುತ್ತಾಳೆ, ಬೆಂಗಳೂರಿಗೆ ಹೋದರೆ ಮೊದಲ ಸುತ್ತಿನಲ್ಲೇ ಸೋತು ಬರುತ್ತಾಳೆ. ನಮ್ಮ ಲೇಖನ ಓದಿದ ಮೇಲಂತೂ ಶಾಲೆಯ ಪುಸ್ತಕ ಮುಟ್ಟುತ್ತಿಲ್ಲ. ‘ಒಬ್ಬ ಮನುಷ್ಯ ಒಂದು ಸಲ ಗೆದ್ದ ಕಥೆ ಹೇಳಿ ನಮ್ಮ ಮಕ್ಕಳ ತಲೆ ಕೆಡಿಸಬೇಡಿ’ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೀರಿ.

ಮೊದಲು ತಪ್ಪೊಪ್ಪಿಗೆ. ನೀವು ಹೇಳಿದ್ದು ಸರಿ, ನಾವು ಬರೆದದ್ದು ತಪ್ಪು. ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರಿನ ಪಂದ್ಯಾವಳಿ ಶುರುವಾದದ್ದೇ 1977ರಲ್ಲಿ, ಸ್ವೀಡನ್ನಿನ ಮಾಲ್ಮೋದಲ್ಲಿ. ಆಗ ಅದು ಮೂರು ವರ್ಷಕ್ಕೊಮ್ಮೆ ನಡೆಯುತ್ತಿತ್ತು. 1980ರಲ್ಲಿ ಜಕಾರ್ತಾ, 1983ರಲ್ಲಿ ಕೋಪನ್‌ಹೇಗನ್. ಪ್ರಕಾಶ್ ಅವರಿಗೆ ಅಲ್ಲಿ ಸಿಕ್ಕಿದ್ದು 1983ರ ಕಂಚು, ಚಿನ್ನವಲ್ಲ. ನಮ್ಮ ಲೇಖಕರು ಆಲ್ ಇಂಗ್ಲೆಂಡ್ ಗೆಲುವನ್ನೂ 1981ರ ವಿಶ್ವಕಪ್ ಗೆಲುವನ್ನೂ ಕಲಸಿ ಒಂದು ಬಿರುದು ಮಾಡಿಬಿಟ್ಟರು. ಕರಡು ತಿದ್ದಿದವನು ನಾನೇ ಆದ್ದರಿಂದ ಬೈಗುಳ ನನಗೇ ಸಲ್ಲಬೇಕು. ಆಲ್ ಇಂಗ್ಲೆಂಡ್ 1899ರಷ್ಟು ಹಳೆಯದು. ವಿಶ್ವ ಚಾಂಪಿಯನ್‌ಷಿಪ್ ಹುಟ್ಟುವ ತನಕ ಅದನ್ನು ಗೆದ್ದವರನ್ನೇ ಜಗತ್ತು ಜಗಜಟ್ಟಿ ಎಂದು ಒಪ್ಪುತ್ತಿತ್ತು. ಆ ಹಳೆಯ ರೂಢಿ ನಮ್ಮ ವಯಸ್ಸಿನವರ ಬಾಯಲ್ಲಿ ಇನ್ನೂ ಉಳಿದಿದೆ. ಇದು ಕಾರಣ ಮಾತ್ರ, ಸಮರ್ಥನೆಯಲ್ಲ.

(ಚಿತ್ರದ ಕೆಳಗೆ ‘ನಟಿ ದೀಪಿಕಾ ಅವರ ತಂದೆ’ ಎಂದಷ್ಟೇ ಬರೆದದ್ದರ ಬಗ್ಗೆ ನೀವು ಏನೂ ಹೇಳಿಲ್ಲ. ಬೇರೆ ಹನ್ನೊಂದು ಜನ ಹೇಳಿದ್ದಾರೆ. ಬರೆದ ಹುಡುಗನಿಗೆ ಇಪ್ಪತ್ಮೂರು ವಯಸ್ಸು, ಅವನನ್ನು ಕ್ಷಮಿಸೋಣ.)

ಇನ್ನು ಎರಡನೆಯ ಮಾತು. ಇಲ್ಲಿ ನಾನು ನಿಮ್ಮೊಡನೆ ಜಗಳಕ್ಕೆ ನಿಲ್ಲುತ್ತೇನೆ.

1980ರ ಮಾರ್ಚ್ 23 ಭಾನುವಾರ. ಲಂಡನ್ನಿನ ವೆಂಬ್ಲಿಯಲ್ಲಿ ಫೈನಲ್. ನೆಟ್ಟಿನ ಆಚೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್, 1978 ಮತ್ತು 1979ರ ವಿಜೇತ. ಹಾರಿ ಹೊಡೆಯುವ ಅವನ ಸ್ಮ್ಯಾಶ್‌ಗೆ ಅವನದೇ ಹೆಸರು ಅಂಟಿಕೊಂಡಿತ್ತು. ಪ್ರಕಾಶ್ ಆ ವರ್ಷ ಡೆನ್ಮಾರ್ಕ್ ಓಪನ್, ಸ್ವೀಡನ್ ಓಪನ್ ಎರಡನ್ನೂ ಗೆದ್ದು ಅಲ್ಲಿಗೆ ಬಂದಿದ್ದರು. ಫಲಿತಾಂಶ 15-3, 15-10. ಇಂದಿನ ಮಕ್ಕಳಿಗೆ ಈ ಅಂಕಗಳ ತೂಕ ತಿಳಿಯುವುದಿಲ್ಲ. ಈಗ 21ರ ಆಟ, ಯಾರು ಸರ್ವ್ ಮಾಡಿದರೂ ಗೆದ್ದವನಿಗೆ ಅಂಕ. ಆಗ ಹಾಗಿರಲಿಲ್ಲ, ಸರ್ವ್ ಮಾಡುವವನಿಗೆ ಮಾತ್ರ ಅಂಕ. ಎದುರಾಳಿಯ ಸರ್ವ್‌ನಲ್ಲಿ ನೀವು ಎಷ್ಟೇ ಚೆಂದ ಗೆದ್ದರೂ ಸರ್ವ್ ಕೈಗೆ ಬರುತ್ತದೆ, ಹಲಗೆಯ ಮೇಲೆ ಏನೂ ಏರುವುದಿಲ್ಲ. ಅಂಥ ಲೆಕ್ಕದಲ್ಲಿ ಎರಡು ಸಲದ ಚಾಂಪಿಯನ್ನನಿಗೆ ಮೊದಲ ಗೇಮಿನಲ್ಲಿ ಮೂರೇ ಅಂಕ ಬಿಟ್ಟುಕೊಡುವುದೆಂದರೆ, ಗುರುಗಳೇ, ಹುಡುಗಾಟವಲ್ಲ.

ಆ ಪಂದ್ಯದ ತುಣುಕುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮಸುಕು ಚಿತ್ರ, ಬಿಳಿ ಶಟಲ್ ಆಗಾಗ ಕಾಣೆಯಾಗುತ್ತದೆ. ಆದರೂ ಒಮ್ಮೆ ನೋಡಿ. ಕಿಂಗ್ ಹಾರಿ ಹೊಡೆಯುವುದಕ್ಕೆಂದೇ ಹುಟ್ಟಿದವನಂತೆ ಚಡಪಡಿಸುತ್ತಾನೆ, ಪ್ರಕಾಶ್ ಅವನಿಗೆ ಹಾರಲು ಹದವಾದ ಶಟಲ್ಲನ್ನೇ ಕೊಡುವುದಿಲ್ಲ. ಜೋರಾಗಿ ಹೊಡೆಯುವವರ ಹಾಗೆ ರಾಕೆಟ್ ಎತ್ತುತ್ತಾರೆ, ಕೊನೆಗಳಿಗೆಯಲ್ಲಿ ಮಣಿಕಟ್ಟು ಸಡಿಲವಾಗುತ್ತದೆ, ಶಟಲ್ ನೆಟ್ಟಿನ ಆಚೆ ಮೆಲ್ಲಗೆ ಕುಸಿಯುತ್ತದೆ. ಮುಂದಿನದು ಅದೇ ಕೈಬೀಸಿನಿಂದ ಹಿಂದಿನ ಗೆರೆಗೆ. ಓಟದ ಕುದುರೆಯನ್ನು ಗಾಣಕ್ಕೆ ಕಟ್ಟಿದ ಹಾಗೆ ಕಾಣುತ್ತದೆ.

ಚೀನಾದವರ ಮಾತಿಗೆ ಬರೋಣ. 1980ರ ಆಲ್ ಇಂಗ್ಲೆಂಡಿನಲ್ಲಿ ಅವರು ಇರಲಿಲ್ಲ, ನಿಜ. ಕಾರಣ ಆಟಕ್ಕೆ ಸಂಬಂಧಪಟ್ಟದ್ದಲ್ಲ. ಆಗ ಬ್ಯಾಡ್ಮಿಂಟನ್ ಲೋಕ ಎರಡು ಒಕ್ಕೂಟಗಳಾಗಿ ಒಡೆದಿತ್ತು. ಚೀನಾ ಒಂದು ಬಣದಲ್ಲಿ, ಇಂಗ್ಲೆಂಡ್, ಇಂಡೊನೇಷ್ಯಾ, ನಾವು ಇನ್ನೊಂದರಲ್ಲಿ. 1981ರಲ್ಲಿ ಎರಡೂ ಒಂದಾದವು. ಆ ಗೆಲುವು ಚೀನಾದವರ ಗೈರುಹಾಜರಿಯ ಕೃಪೆ ಎನ್ನುವುದಾದರೆ, ಅವರು ಹಾಜರಾದಾಗ ಏನಾಯಿತು ಎಂದೂ ನೋಡಬೇಕಲ್ಲವೇ? ಅದೇ 1981ರಲ್ಲಿ ಕ್ವಾಲಾಲಂಪುರದಲ್ಲಿ ಮೊದಲ ವಿಶ್ವಕಪ್ ನಡೆಯಿತು. ಫೈನಲ್ಲಿನಲ್ಲಿ ಪ್ರಕಾಶ್ ಎದುರು ನಿಂತವನು ಚೀನಾದ ಹಾನ್ ಜಿಯಾನ್. ಪ್ರಕಾಶ್ ಗೆದ್ದದ್ದು 15-0, 18-16ರಿಂದ. ಆ 18 ಎಲ್ಲಿಂದ ಬಂತು ಎಂದು ಮೊಮ್ಮಗಳು ಕೇಳಿದರೆ ಹೀಗೆ ಹೇಳಿ: ಆಗಿನ ನಿಯಮದಲ್ಲಿ 13-13 ಆದರೆ ಆಟವನ್ನು ಇನ್ನೂ ಐದು ಅಂಕ ಮುಂದಕ್ಕೆ ಒಯ್ಯಬಹುದಿತ್ತು. ಒಂದು ಗೇಮಿನಲ್ಲಿ ಸೊನ್ನೆಗೆ ಮುಗಿದವನು ಮುಂದಿನದರಲ್ಲಿ 16ರ ತನಕ ಎಳೆದನೆಂದರೆ ಅವನು ಸಾಮಾನ್ಯನೇನಲ್ಲ. ಇದೇ ಹಾನ್ ಜಿಯಾನ್ 1985ರಲ್ಲಿ, ನೀವು ಕೇಳುತ್ತಿರುವ ಆ ವಿಶ್ವ ಚಾಂಪಿಯನ್‌ಷಿಪ್ಪನ್ನೇ ಗೆದ್ದ.

ಮರುವರ್ಷ ಕಿಂಗ್‌ಗೆ ಸೋತದ್ದೂ ನಿಜ. ಮೊದಲ ಗೇಮ್ ಗೆದ್ದು ಉಳಿದೆರಡನ್ನು ಬಿಟ್ಟುಕೊಟ್ಟರು. ಆದರೆ ಆ ಸೋಲು ಕೂಡ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಎಂಬುದನ್ನು ನಿಮ್ಮ ಪತ್ರ ನುಂಗಿಕೊಂಡಿದೆ. ಇನ್ನು ಒಲಿಂಪಿಕ್ ಪದಕದ ಪ್ರಶ್ನೆ. ಬ್ಯಾಡ್ಮಿಂಟನ್ ಒಲಿಂಪಿಕ್ಸಿನ ಪದಕದ ಆಟವಾದದ್ದೇ 1992ರಲ್ಲಿ, ಬಾರ್ಸಿಲೋನಾದಲ್ಲಿ. ಅವರು ನಿವೃತ್ತರಾದದ್ದು 1991ರಲ್ಲಿ. ಇಲ್ಲದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದರೆ ಹೇಗೆ?

ಇಷ್ಟೆಲ್ಲ ವಾದಿಸಿದ ಮೇಲೆ ಹೇಳುತ್ತೇನೆ, ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಸಾಧನೆ ಆ ಭಾನುವಾರವಲ್ಲ. ಅದಕ್ಕೆ ಮೊದಲಿನ ಒಂಬತ್ತು ವರ್ಷ.

1971-72ರಲ್ಲಿ ಹದಿನಾರರ ಹುಡುಗನಾಗಿ ರಾಷ್ಟ್ರೀಯ ಜೂನಿಯರ್ ಪಟ್ಟ ಗೆದ್ದ ವರ್ಷವೇ ಹಿರಿಯರ ಪಟ್ಟವನ್ನೂ ಗೆದ್ದರು. ಆ ಸಲವೂ ಸೇರಿ ಸಾಲಾಗಿ ಒಂಬತ್ತು ಸಲ ಅದನ್ನು ಬಿಟ್ಟುಕೊಡಲಿಲ್ಲ. ಓದುವಾಗ ಇದು ಹೊಗಳಿಕೆಯ ಸಾಲು. ಆಟಗಾರನಿಗೆ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಊರಲ್ಲಿ ಸೋಲಿಸುವವರು ಯಾರೂ ಇಲ್ಲ, ಹಾರ ತುರಾಯಿ ಬರುತ್ತಲೇ ಇವೆ, ಹದಿನೇಳಕ್ಕೆ ಅರ್ಜುನ ಪ್ರಶಸ್ತಿಯೂ ಬಂದಿದೆ. ಸುಮ್ಮನೆ ಕುಳಿತರೂ ಇನ್ನೈದು ವರ್ಷ ಗೆಲುವು ಖಚಿತ. ನಮ್ಮ ಭಾಗದಲ್ಲಿ ಕುಸ್ತಿ ಪೈಲ್ವಾನರನ್ನು ನೋಡಿದ್ದೇವಲ್ಲ. ಜಾತ್ರೆಯ ಕಣದಲ್ಲಿ ಮೂರು ವರ್ಷ ಬೆಳ್ಳಿ ಕಡಗ ಗೆದ್ದವನು ನಾಲ್ಕನೆಯ ವರ್ಷ ಗರಡಿಗೆ ಹೋಗುವುದನ್ನೇ ಬಿಡುತ್ತಾನೆ. ಪ್ರಕಾಶ್ ಬಿಡಲಿಲ್ಲ. ತನಗಿಂತ ಗಟ್ಟಿಯಾದವರನ್ನು, ಎಂದರೆ ತನ್ನನ್ನು ಸೋಲಿಸುವವರನ್ನು, ಹುಡುಕಿಕೊಂಡು ಹೊರಗೆ ಹೋದರು. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ಬಂತು. 1979ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆಯ್ದ ಆಟಗಾರರ ಸ್ಪರ್ಧೆ ಗೆದ್ದರು. ಆಲ್ ಇಂಗ್ಲೆಂಡ್ ಗೆದ್ದ ಮೇಲಂತೂ ಡೆನ್ಮಾರ್ಕಿಗೇ ಹೋಗಿ ನೆಲೆಸಿ ಅಲ್ಲಿನವರೊಡನೆ ದಿನವೂ ಆಡಿದರು. ಇಲ್ಲಿ ರಾಷ್ಟ್ರೀಯ ಪಟ್ಟ ಸೈಯದ್ ಮೋದಿಯವರಿಗೆ ಹೋಯಿತು, ಅವರು ಎಂಟು ಸಲ ಅದನ್ನು ಕಾಪಾಡಿಕೊಂಡರು. ಜಿಲ್ಲೆಯಲ್ಲಿ ಗೆದ್ದು ಬೆಂಗಳೂರಿನಲ್ಲಿ ಸೋಲುವ ಹುಡುಗಿಯ ಅಜ್ಜ ಓದಬೇಕಾದ ಪುಟ ಈ ಒಂಬತ್ತು ವರ್ಷದ್ದು, ವೆಂಬ್ಲಿಯದ್ದಲ್ಲ.

ಇನ್ನೊಂದು ಪುಟವೂ ಇದೆ. 1962ರಲ್ಲಿ, ಏಳರ ವಯಸ್ಸಿನಲ್ಲಿ ಪ್ರಕಾಶ್ ಆಡಿದ ಮೊದಲ ರಾಜ್ಯ ಜೂನಿಯರ್ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷದ ನಂತರ ಅದೇ ಪಟ್ಟ ಗೆದ್ದರು. ಇದನ್ನು ಮೊಮ್ಮಗಳಿಗೆ ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಮೊದಲ ಸುತ್ತಿನಲ್ಲಿ ಸೋತ ಎಲ್ಲರೂ ಎರಡು ವರ್ಷಕ್ಕೆ ಗೆಲ್ಲುವುದಿಲ್ಲ ಎಂಬುದು ನನಗೂ ಗೊತ್ತು. ನಾನೇ ಸಾಕ್ಷಿ.

ಸಾಕ್ಷಿ ಎಂದ ಮೇಲೆ ಸ್ವಲ್ಪ ನನ್ನ ಪುರಾಣ ಸಹಿಸಿಕೊಳ್ಳಿ. 1980ರಲ್ಲಿ ನಾವು ಹೈಸ್ಕೂಲಿನಲ್ಲಿದ್ದೆವು. ಊರಿನ ಹೆಸರು ಇನ್ನೂ ಗುಲಬರ್ಗಾ. ಭಾನುವಾರ ರಾತ್ರಿಯ ಸುದ್ದಿ ನಮಗೆ ತಿಳಿದದ್ದು ಮಂಗಳವಾರ, ಹುಬ್ಬಳ್ಳಿಯಿಂದ ಬರುವ ಪತ್ರಿಕೆಯಲ್ಲಿ. ಆ ವಾರವೇ ಐದು ಜನ ಕೂಡಿ ಎರಡು ರಾಕೆಟ್ ಕೊಂಡೆವು. ಆಡುವುದು ಎಲ್ಲಿ? ಬಯಲಿನಲ್ಲಿ ಗಾಳಿ. ಮಾರ್ಚ್ ಏಪ್ರಿಲ್ಲಿನ ನಮ್ಮ ಗಾಳಿ ಗೊತ್ತಲ್ಲ, ನೀವು ಉತ್ತರಕ್ಕೆ ಹೊಡೆದರೆ ಶಟಲ್ ದಕ್ಷಿಣಕ್ಕೆ ಬೀಳುತ್ತದೆ. ಕೊನೆಗೆ ಗೆಳೆಯನೊಬ್ಬನ ಚಿಕ್ಕಪ್ಪ ಗುಮಾಸ್ತನಾಗಿದ್ದ ದಾಲ್‌ಮಿಲ್ಲಿನ ಗೋದಾಮು ಸಿಕ್ಕಿತು. ಬೇಸಿಗೆಯಲ್ಲಿ ಅರ್ಧ ಖಾಲಿ. ಸಿಮೆಂಟ್ ನೆಲದ ಮೇಲೆ ಸುಣ್ಣದ ಗೆರೆ ಎಳೆದೆವು. ಮೇಲೆ ತಗಡು, ತಗಡಿನ ಕೆಳಗೆ ಅಡ್ಡಡ್ಡ ಕಬ್ಬಿಣದ ತೊಲೆ. ಸ್ವಲ್ಪ ಎತ್ತರಕ್ಕೆ ಹೊಡೆದರೆ ಶಟಲ್ ತೊಲೆಗೆ ತಗಲಿ ಮೂರು ವರ್ಷದ ತೊಗರಿ ಹೊಟ್ಟಿನ ಧೂಳು ನಮ್ಮ ತಲೆಯ ಮೇಲೆ. ಆ ಧೂಳಿನ ಭಯಕ್ಕೆ ನಾವೆಲ್ಲ ತಗ್ಗಾಗಿ, ನೆಟ್ಟಿಗೆ ಸವರಿದಂತೆ ಆಡುವುದನ್ನು ಕಲಿತೆವು. ಹೊರಗೆ ಬಂದು ನಿಜವಾದ ಕೋರ್ಟಿನಲ್ಲಿ ಆಡಿದ ಮೊದಲ ದಿನ ಎದುರಾಳಿ ಮೇಲಕ್ಕೆ ಎತ್ತಿ ಹಿಂದಕ್ಕೆ ಹಾಕಿದ. ಆಕಾಶದಿಂದ ಬೀಳುವ ಶಟಲ್ಲನ್ನು ನಾವು ಹುಟ್ಟಾ ನೋಡಿರಲಿಲ್ಲ. ಅಲ್ಲಿಗೆ ನನ್ನ ಆಟದ ಬದುಕು ಮುಗಿಯಿತು. ಡಿಸೆಂಬರ್ ಜನವರಿಯಲ್ಲಂತೂ ಗೋದಾಮಿಗೆ ಕಾಲಿಡುವ ಹಾಗಿರಲಿಲ್ಲ. ಹೊಸ ತೊಗರಿಯ ಮೂಟೆಗಳು ಬಂದು ನಮ್ಮ ಸುಣ್ಣದ ಗೆರೆಗಳ ಮೇಲೆಯೇ ಅಟ್ಟಿಯಾಗಿ ನಿಲ್ಲುತ್ತಿದ್ದವು. ಸಂಜೆ ಸೈಕಲ್ ಮೇಲೆ ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿ, ಇವತ್ತೆಷ್ಟು ಲೋಡು ಹೊರಗೆ ಹೋಯಿತು ಎಂದು ಲೆಕ್ಕ ಹಾಕಿ ವಾಪಸಾಗುತ್ತಿದ್ದೆವು.

ಎಷ್ಟೋ ವರ್ಷದ ಮೇಲೆ, ಪ್ರಕಾಶ್ ತಮ್ಮ ಬಾಲ್ಯದ ಬಗ್ಗೆ ಹೇಳಿಕೊಂಡದ್ದನ್ನು ಓದಿದಾಗ ಈ ಬಾಗಿಲ ಸಂದಿ ನೆನಪಾಯಿತು. ಅವರ ಕಾಲದ ಬೆಂಗಳೂರಿನಲ್ಲೂ ಕೋರ್ಟುಗಳಿರಲಿಲ್ಲ. ಮಲ್ಲೇಶ್ವರದಲ್ಲಿ ಮನೆಯ ಹತ್ತಿರದ ಕೆನರಾ ಯೂನಿಯನ್ನಿನ ಮದುವೆ ಹಾಲೇ ಅವರ ಕೋರ್ಟು. ಶಾಲೆ ಬಿಟ್ಟ ಮೇಲೆ ಹಾಲಿನಲ್ಲಿ ಇವತ್ತು ಸಮಾರಂಭ ಇದೆಯೋ ಇಲ್ಲವೋ ಎಂದು ನೋಡುವುದು, ಇಲ್ಲದಿದ್ದರೆ ಓಡಿಹೋಗಿ ಆಡುವುದು. ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಅಂಥವರ ಮಗನಿಗೂ ಕಂಡವರ ಮದುವೆ ಮುಗಿಯುವ ತನಕ ಆಟವಿಲ್ಲ. ಅವರಿಗೆ ಮದುವೆ ಸುಗ್ಗಿ, ನಮಗೆ ತೊಗರಿ ಸುಗ್ಗಿ.

ಅವರಿಗೂ ನಮಗೂ ಇದ್ದ ವ್ಯತ್ಯಾಸ ಹಾಲಿನದಲ್ಲ. ಅವರ ಮನೆಯಲ್ಲಿ ಆಟ ಬಲ್ಲವರಿದ್ದರು. ಯಾವುದು ಹಾಲಿನಿಂದ ಬಂದ ದುರಭ್ಯಾಸ, ಯಾವುದು ಆಟ ಎಂದು ಬೇರ್ಪಡಿಸಿ ಹೇಳುವವರು ಪಕ್ಕದಲ್ಲೇ ಇದ್ದರು. ನಮಗೆ ಇದ್ದವನು ಗುಮಾಸ್ತ ಚಿಕ್ಕಪ್ಪ. ಆತ ಕಲಿಸಿದ್ದು ಒಂದೇ ಪಾಠ. ‘ರಾಕೆಟ್ಟನ್ನು ಸಟ್ಟುಗ ಹಿಡಿದ ಹಾಗೆ ಹಿಡಿಯಬೇಡಿ, ದೊಡ್ಡವರ ಕೈ ಕುಲುಕಿದ ಹಾಗೆ ಹಿಡಿಯಿರಿ.’ ಆ ಪಾಠ ಸರಿಯಾಗಿಯೇ ಇತ್ತು ಎಂದು ಆಮೇಲೆ ತಿಳಿಯಿತು. ಒಂದೇ ಪಾಠ ಸಾಲಲಿಲ್ಲ, ಅಷ್ಟೇ.

ಆಟ ಬಿಟ್ಟ ಮೇಲೆ ಪ್ರಕಾಶ್ ಮಾಡಿದ್ದನ್ನು ಈ ಕಣ್ಣಿನಿಂದ ನೋಡಬೇಕು. 1993ರಿಂದ 1996ರ ತನಕ ಭಾರತ ತಂಡಕ್ಕೆ ತರಬೇತಿ ಕೊಟ್ಟರು. 1994ರಲ್ಲಿ ವಿಮಲ್ ಕುಮಾರ್ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ನಡುವೆ ಬ್ಯಾಡ್ಮಿಂಟನ್ ಸಂಘದ ಆಡಳಿತದ ವಿರುದ್ಧ ಬಂಡೆದ್ದು ಪರ್ಯಾಯ ಒಕ್ಕೂಟವನ್ನೂ ಕಟ್ಟಿದರು, ಅದರ ರಗಳೆ ಇಲ್ಲಿ ಬೇಡ. ಅವರ ಬಳಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಚೀನಾದ ಚೆನ್ ಹಾಂಗ್‌ನನ್ನು ಸೋಲಿಸಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ಚೀನಾದವರು ಇದ್ದರೇ ಎಂದು ಈಗ ಕೇಳುವುದಿಲ್ಲ ಎಂದುಕೊಳ್ಳುತ್ತೇನೆ. ಗೋಪಿಚಂದ್ ಹೈದರಾಬಾದಿನಲ್ಲಿ ತಮ್ಮ ಅಕಾಡೆಮಿ ತೆರೆದರು. ಸೈನಾ ನೆಹ್ವಾಲ್ 2012ರಲ್ಲಿ ಲಂಡನ್ನಿನಿಂದ ಕಂಚು ತಂದರು, ಪಿ.ವಿ. ಸಿಂಧು 2016ರಲ್ಲಿ ರಿಯೊದಿಂದ ಬೆಳ್ಳಿ ತಂದರು, ಇಬ್ಬರೂ ಗೋಪಿಚಂದ್ ಕೈಯಲ್ಲಿ ತಯಾರಾದವರು. ಮಲ್ಲೇಶ್ವರದ ಮದುವೆ ಹಾಲಿನಲ್ಲಿ ಶುರುವಾದ ವಿದ್ಯೆ ಹೀಗೆ ಸುತ್ತಿ ನಮ್ಮ ಮಗ್ಗುಲಿಗೆ ಬಂದಿದೆ. ಬೆಂಗಳೂರು ನಮಗೆ ಒಂದು ರಾತ್ರಿಯ ರೈಲು. ಹೈದರಾಬಾದಿಗೆ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇವೆ, ಬೀದರಿನವರಿಗೆ ಇನ್ನೂ ಹತ್ತಿರ. 1956ರ ತನಕ ಅದೇ ನಮ್ಮ ರಾಜಧಾನಿಯಾಗಿತ್ತಲ್ಲ! ನಮ್ಮ ಹಿರಿಯರು ಆಸ್ಪತ್ರೆಗೆ, ಮದುವೆ ಜವಳಿಗೆ ಹೋಗುತ್ತಿದ್ದ ದಾರಿಯಲ್ಲಿ ಈಗ ಕೆಲವು ಮಕ್ಕಳು ರಾಕೆಟ್ ಚೀಲ ಹೊತ್ತು ಹೋಗುತ್ತಿದ್ದಾರೆ. ಬೆಂಗಳೂರಿನವರ ಕಥೆ ನಮಗೇಕೆ ಎಂಬ ನಿಮ್ಮ ಸಾಲಿಗೆ ನನ್ನ ಉತ್ತರ ಇದು.

ಪ್ಯಾರಿಸ್ ಒಲಿಂಪಿಕ್ಸಿನ ಮಾತನ್ನೂ ಎತ್ತಿದ್ದೀರಿ. 2024ರ ಆಗಸ್ಟಿನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದೂ ಸೋತಾಗ, ಇನ್ನು ಆಟಗಾರರೇ ಹೊಣೆ ಹೊರಬೇಕು, ಒತ್ತಡದಲ್ಲಿ ಗೆಲ್ಲುವುದನ್ನು ಕಲಿಯಬೇಕು ಎಂಬರ್ಥದಲ್ಲಿ ಪ್ರಕಾಶ್ ಹೇಳಿದರು. ಸೋತ ಗಾಯದ ಮೇಲೆ ಉಪ್ಪು ಹಾಕಿದರು ಎಂದು ನಿಮಗೆ ಬೇಸರ. ನನಗೂ ಆ ಸಂಜೆ ಹಾಗೇ ಅನ್ನಿಸಿತು. ಒಂದು ದಿನ ತಡೆದು ಹೇಳಬಹುದಿತ್ತು. ಆದರೆ ಲಕ್ಷ್ಯ ಬೆಳೆದದ್ದು ಅವರದೇ ಅಕಾಡೆಮಿಯಲ್ಲಿ. ಮನೆಯ ಹಿರಿಯ ಪಡಸಾಲೆಯಲ್ಲಿ ನಿಂತು ಗದರಿದ್ದು ಬೀದಿಗೆ ಕೇಳಿಸಿತು. ಮೂವತ್ತೈದು ವರ್ಷ ಪಾಠ ಮಾಡಿದ ನಿಮಗೆ, ಫಲಿತಾಂಶದ ದಿನವೇ ಬೈದದ್ದು ಒಮ್ಮೆಯೂ ಇಲ್ಲವೇ?

ಮೊಮ್ಮಗಳು ಆಡಬೇಕೋ ಓದಬೇಕೋ ಎಂದು ಸಂಪಾದಕನ ಕುರ್ಚಿಯಲ್ಲಿ ಕುಳಿತು ತೀರ್ಪು ಕೊಡಲಾರೆ. ಗರಿ ಶಟಲ್ಲಿನ ಡಬ್ಬಿಗಳು, ರಾಕೆಟ್ಟಿಗೆ ಮತ್ತೆ ಮತ್ತೆ ತಂತಿ ಹಾಕಿಸುವುದು, ಕೋರ್ಟಿನ ಗಂಟೆಯ ಬಾಡಿಗೆ, ಊರೂರು ಪ್ರಯಾಣ, ಇವೆಲ್ಲ ಸೇರಿದರೆ ಸಂಬಳದ ಮನೆಗೂ ಭಾರವೇ. ಆ ಲೆಕ್ಕ ಅವಳ ಅಪ್ಪ ಅಮ್ಮ ಹಾಕಲಿ. ಒಂದು ಮಾತ್ರ ಕೇಳುತ್ತೇನೆ. ಅವಳು ಬೆಂಗಳೂರಿನಲ್ಲಿ ಸೋತು ಬಂದ ದಿನ ಹೇಗೆ ಸೋತೆ ಎಂದು ಕೇಳಿದ್ದೀರಾ, ಎಷ್ಟಕ್ಕೆ ಸೋತೆ ಎಂದು ಕೇಳಿದ್ದೀರಾ? ಏಕೆಂದರೆ ನಿಮ್ಮ ಪತ್ರದ ಕೊನೆಯ ಪುಟದ ಹಿಂಬದಿಯಲ್ಲಿ, ನಿಮಗೆ ಗೊತ್ತಿಲ್ಲದೆ ಎಂದು ಕಾಣುತ್ತದೆ, ಪೆನ್ಸಿಲಿನಲ್ಲಿ ಎರಡು ಸಾಲು ಇವೆ. ‘ಸರ್, ನಮ್ಮ ಊರಲ್ಲಿ ಶಟಲ್ ಬೇಗ ಮುರಿಯುತ್ತದೆ, ಮತ್ತು ಎಲ್ಲಾ ಟಾಸ್ ಔಟ್ ಹೋಗುತ್ತದೆ. ಬೆಂಗಳೂರಲ್ಲಿ ಹಾಗೆ ಆಗಲಿಲ್ಲ. ಏಕೆ?’ (ಟಾಸ್ ಎಂದರೆ ಎತ್ತರಕ್ಕೆ ಎತ್ತಿ ಹಿಂದಕ್ಕೆ ಹಾಕುವ ಹೊಡೆತ.) ಈ ಹತ್ತು ದಿನ ನಾನು ಒದ್ದಾಡಿದ್ದು ನಿಮ್ಮ ನಾಲ್ಕು ಪುಟಗಳ ಜೊತೆಗಲ್ಲ, ಈ ಎರಡು ಸಾಲುಗಳ ಜೊತೆಗೆ. ತರಬೇತುದಾರರಿಬ್ಬರನ್ನು ಕೇಳಿ ಖಚಿತ ಮಾಡಿಕೊಂಡು ಉತ್ತರಿಸುತ್ತಿದ್ದೇನೆ.

ತಂಗೀ, ನೀನು ಗಮನಿಸಿದ್ದು ಸರಿ. ಶಟಲ್ಲಿನಲ್ಲಿ ಹದಿನಾರು ಗರಿಗಳಿವೆ, ಬಾತಿನವು ಇಲ್ಲವೇ ಹೆಬ್ಬಾತಿನವು. ಎಲ್ಲ ಸೇರಿ ತೂಕ ಐದು ಗ್ರಾಂ ಆಸುಪಾಸು. ಗರಿಯಲ್ಲಿ ಸ್ವಲ್ಪ ತೇವ ಇರಬೇಕು. ನಮ್ಮ ಒಣ ಸೆಕೆಯಲ್ಲಿ ಆ ತೇವ ಆರಿಹೋಗುತ್ತದೆ, ಗರಿಯ ಕಡ್ಡಿ ಹಪ್ಪಳದಂತೆ ಪಟ್ಟೆಂದು ಮುರಿಯುತ್ತದೆ. ಎರಡನೆಯದು, ಕಾದ ಗಾಳಿ ತೆಳ್ಳಗಿರುತ್ತದೆ, ತಡೆ ಕಡಿಮೆ, ಶಟಲ್ ದೂರ ಹಾರುತ್ತದೆ. ಬೆಂಗಳೂರು ಎತ್ತರದ ಊರು, ಅಲ್ಲಿಯೂ ಗಾಳಿ ತೆಳುವೇ. ಆದರೆ ಅವರು ಅದಕ್ಕೆ ಹೊಂದುವ ನಿಧಾನದ ಶಟಲ್ ತರಿಸುತ್ತಾರೆ. ಡಬ್ಬಿಯ ಮುಚ್ಚಳದ ಮೇಲೆ 75, 76, 77 ಹೀಗೆ ಅಂಕಿ ಇರುತ್ತದೆ, ನೋಡು. ಅಂಕಿ ಕಡಿಮೆಯಾದಷ್ಟೂ ಶಟಲ್ ನಿಧಾನ. ಚಳಿಗಾಲಕ್ಕೆ ಕೊಂಡ ಅಂಕಿಯನ್ನೇ ಮೇ ತಿಂಗಳಲ್ಲೂ ಆಡಿದರೆ ಟಾಸ್ ಔಟ್ ಹೋಗುವುದು ನಿನ್ನ ಕೈಯ ತಪ್ಪಲ್ಲ. ಬೇಸಿಗೆಗೆ ಒಂದು ಅಂಕಿ ಕಡಿಮೆಯದನ್ನು ಕೇಳಿ ತರಿಸು. ಸರಿಯಿದೆಯೋ ಇಲ್ಲವೋ ನೀನೇ ಪರೀಕ್ಷಿಸಬಹುದು. ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬಲದಿಂದ ನೇರ ಹೊಡೆ. ಆಚೆಯ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬಿದ್ದರೆ ಆ ಶಟಲ್ ಸರಿ.

ಮುರಿಯುವುದಕ್ಕೆ ಮದ್ದು ಅಡುಗೆಮನೆಯಲ್ಲಿದೆ. ಆಟದ ಹಿಂದಿನ ರಾತ್ರಿ ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಯ ಕಡೆಯನ್ನು ಕೆಳಗೆ ಮಾಡಿ, ಕುದಿಯುವ ನೀರಿನ ಆವಿಗೆ ಐದಾರು ಸೆಕೆಂಡ್ ಹಿಡಿದು ತಕ್ಷಣ ಮುಚ್ಚಿಬಿಡಬೇಕು. ಹೆಚ್ಚು ಹೊತ್ತು ಹಿಡಿದರೆ ಗರಿ ತೊಯ್ದು ಭಾರವಾಗುತ್ತದೆ, ಬೆಂಡಿಗೂ ಆವಿ ತಾಕಬಾರದು. ನೀನೊಬ್ಬಳೇ ಮಾಡಬೇಡ, ಕೈ ಸುಡುತ್ತದೆ. ಅಜ್ಜ ಊರಿನಿಂದ ಬಂದಾಗ ಅವರಿಂದಲೇ ಮಾಡಿಸು. ಅವರು ಚಹಾಕ್ಕೆ ನೀರಿಡುವ ಹೊತ್ತು ನೋಡಿಕೊಂಡರೆ ಬೇರೆ ಕಾಯಿಸುವ ಕೆಲಸವೂ ಇಲ್ಲ.

— ಸಂಪಾದಕ